ಇಳಿಯುವ ಜಾಗ ಮೊದಲು

ಕೇಳುಗರೆಲ್ಲರಿಗೂ ನಮಸ್ಕಾರ.

ನೀವು ಈಗ ಮನೆಯಲ್ಲಿ ಕೂತು ಈ ಮಾತು ಕೇಳುತ್ತಿರಬಹುದು. ಮುಂದಿನ ತಿಂಗಳೋ ಮುಂದಿನ ವರ್ಷವೋ ಮಗಳ ಮನೆಗೆ, ತಮ್ಮನ ಮನೆಗೆ, ಇಲ್ಲವೇ ಯಾವುದೋ ಸಭೆಗೆ ಅಂತ ವಿಮಾನ ಹತ್ತುವವರು ನಿಮ್ಮಲ್ಲಿ ಎಷ್ಟೋ ಜನ ಇದ್ದೀರಿ. ಟಿಕೆಟ್ಟು ತೆಗೆದಾಗಿದೆ. ಪೆಟ್ಟಿಗೆಯನ್ನು ಎರಡು ಸಲ ತೂಕಕ್ಕಿಟ್ಟು ನೋಡಿದ್ದೂ ಆಗಿದೆ. ಕಿಟಕಿ ಪಕ್ಕದ ಸೀಟು ಕೂಡ ಗೊತ್ತಾಗಿದೆ. ಆದರೆ ಇಳಿದ ಮೇಲೆ ಊರೊಳಗೆ ಹೋಗುವುದು ಹೇಗೆ ಅಂತ ಯಾರಾದರೂ ಕೇಳಿದರೆ, "ಅಲ್ಲಿ ಹೋಗಿ ನೋಡಿಕೊಳ್ಳೋಣ ಬಿಡಿ" ಅನ್ನುತ್ತೀರಿ. ಇವತ್ತು ನನಗೆ ಕೊಟ್ಟಿರುವ ಹೊತ್ತನ್ನೆಲ್ಲ ಆ "ನೋಡಿಕೊಳ್ಳೋಣ ಬಿಡಿ" ಅನ್ನುವ ಮಾತನ್ನು ಬಿಡಿಸುವುದಕ್ಕೇ ಬಳಸುತ್ತೇನೆ.

ಮೂವತ್ತು ವರ್ಷ ಸಾರಿಗೆ ಯೋಜನೆಯ ಪಾಠ ಹೇಳಿದವನು ನಾನು. ಬಸ್ಸು, ರೈಲು, ಮೆಟ್ರೊ ಯಾವುದೇ ಇರಲಿ, ಪ್ರಯಾಣಿಕರಿಗೆ ಹೇಳಬೇಕಾದದ್ದು ಒಂದೇ ಮಾತು. ಇಳಿಯುವ ಜಾಗ ಮೊದಲು, ಹತ್ತುವ ಗಾಡಿ ಆಮೇಲೆ. ಬರೆದುಕೊಳ್ಳುವ ಅಭ್ಯಾಸ ಇರುವವರು ದಯವಿಟ್ಟು ಬರೆದುಕೊಳ್ಳಿ.

ವಿಮಾನದಿಂದ ಇಳಿದವರಲ್ಲಿ ಎಷ್ಟೋ ಜನ ವಿಚಾರಣೆಯ ಕಿಟಕಿಯಲ್ಲಿ ಕೇಳುವ ಪ್ರಶ್ನೆ ಯಾವುದು ಗೊತ್ತೇ? "ಸಿಟಿಗೆ ಬೇಗ ಹೋಗೋ ರೈಲು ಯಾವುದು?" ಈ ಪ್ರಶ್ನೆಯೇ ತಪ್ಪು. ಸಿಟಿ ಅನ್ನುವ ಹೆಸರಿನ ಜಾಗದಲ್ಲಿ ಯಾರೂ ಇಳಿಯುವುದಿಲ್ಲ. ನೀವು ಇಳಿಯುವುದು ಒಂದು ಬೀದಿಯ ಹತ್ತಿರ, ಒಂದು ಮನೆಯ ಹತ್ತಿರ, ಒಂದು ಆಸ್ಪತ್ರೆಯ ಅಥವಾ ಹೋಟೆಲಿನ ಹತ್ತಿರ. ಆ ಬಾಗಿಲಿಗೆ ಎಲ್ಲಕ್ಕಿಂತ ಹತ್ತಿರದ ಸ್ಟೇಷನ್ ಯಾವುದು, ಅದರ ಹೆಸರೇನು? ಅದು ಗೊತ್ತಿದ್ದರೆ ನಿಮ್ಮ ಮುಕ್ಕಾಲು ಪ್ರಯಾಣ ಮುಗಿದ ಹಾಗೆ. ಗೊತ್ತಿಲ್ಲದಿದ್ದರೆ ಜಗತ್ತಿನ ಅತಿ ವೇಗದ ಗಾಡಿ ಹತ್ತಿದರೂ ನೀವು ಬೇರೆ ಯಾರದೋ ಊರಿಗೆ ಬೇಗ ಹೋಗಿ ಇಳಿಯುತ್ತೀರಿ.

ಅತಿ ವೇಗದ ಗಾಡಿ ಅಂದೆನಲ್ಲ, ಅದರ ಮಾತನ್ನೇ ಹೇಳುತ್ತೇನೆ. ಚೀನಾದ ಶಾಂಘೈಯಲ್ಲಿ ಪುಡಾಂಗ್ ವಿಮಾನ ನಿಲ್ದಾಣದಿಂದ ಒಂದು ರೈಲು ಹೊರಡುತ್ತದೆ. ಅದಕ್ಕೆ ಚಕ್ರದ ಓಟವಿಲ್ಲ. ಅಯಸ್ಕಾಂತದ ಬಲದಿಂದ ಹಳಿಯ ಮೇಲೆ ತೇಲಿಕೊಂಡು ಹೋಗುತ್ತದೆ. ಗಂಟೆಗೆ 431 ಕಿಲೋಮೀಟರ್ ವೇಗಕ್ಕೆಂದು ಕಟ್ಟಿದ ದಾರಿ. ಸುಮಾರು 30 ಕಿಲೋಮೀಟರನ್ನು ಎಂಟು ನಿಮಿಷದೊಳಗೆ ಮುಗಿಸಬಲ್ಲದು. ಎಂಥ ಸಾಧನೆ! ನನಗಂತೂ ಅದರ ವಿವರ ಓದುವಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಆದರೆ ಅದು ಎಲ್ಲಿ ನಿಲ್ಲುತ್ತದೆ? ಲಾಂಗ್‌ಯಾಂಗ್ ರಸ್ತೆ ಅನ್ನುವ ಸ್ಟೇಷನ್ನಿನಲ್ಲಿ. ಅದು ಪೇಟೆಯ ನಡುಮಧ್ಯ ಅಲ್ಲ. ಅಲ್ಲಿ ಇಳಿದು, ಪೆಟ್ಟಿಗೆ ಎಳೆದುಕೊಂಡು ಮತ್ತೆ ಮೆಟ್ರೊ ಹತ್ತಬೇಕು. ಅಲ್ಲಿ ಸಿಗುವ ಎರಡನೇ ಮಾರ್ಗದ ಮೆಟ್ರೊ ವಿಮಾನ ನಿಲ್ದಾಣಕ್ಕೂ ಬರುತ್ತದೆ! ತೇಲುವ ರೈಲು ಹತ್ತಬೇಡಿ ಅಂತ ಹೇಳುತ್ತಿಲ್ಲ, ಆಸೆಯಿದ್ದರೆ ಖಂಡಿತ ಹತ್ತಿ. ಹತ್ತುವ ಮೊದಲು ಇಳಿಯುವ ಜಾಗ ಗೊತ್ತುಮಾಡಿಕೊಳ್ಳಿ.

ಇದನ್ನು ನಾನು ಕಲಿತದ್ದು ಪುಸ್ತಕದಿಂದ ಅಲ್ಲ, ನನ್ನ ತಾಯಿಯ ಮಂಡಿನೋವಿನಿಂದ. ಆ ಕಥೆಯನ್ನು ಪೂರ್ತಿ ಹೇಳಲೇಬೇಕು.

ಕೆಲವು ವರ್ಷಗಳ ಹಿಂದೆ ಅಮ್ಮನನ್ನು ಕರೆದುಕೊಂಡು ತಮ್ಮನ ಮನೆಗೆ ಹೊರಟಿದ್ದೆ. ಅಮ್ಮನಿಗೆ ಆಗ 76. ಮೊದಲನೇ ವಿಮಾನ ಪ್ರಯಾಣ. ತಮ್ಮ ಇದ್ದದ್ದು ಹೌನ್ಸ್‌ಲೋ ಅನ್ನುವ ಕಡೆ. ಆದರೆ ಮನೆಯಲ್ಲಿ ನಾವು ಆ ಹೆಸರು ಹೇಳುತ್ತಿದ್ದದ್ದೇ ಕಡಿಮೆ. "ಅವನು ಲಂಡನ್ನಿನಲ್ಲಿದ್ದಾನೆ" ಅಂತ ಹೇಳಿ ಹೇಳಿ ನನ್ನ ತಲೆಯಲ್ಲೂ ಅದೇ ಕೂತುಬಿಟ್ಟಿತ್ತು. ಅವನಿಗೆ ಅವತ್ತು ಕೆಲಸಕ್ಕೆ ರಜೆ ಸಿಕ್ಕಿರಲಿಲ್ಲ. "ಸ್ಟೇಷನ್ನಿಗೆ ಬಂದಿರ್ತೀನಿ ಅಣ್ಣ, ಅಲ್ಲೀವರೆಗೆ ಬಂದ್ಬಿಡಿ" ಅಂದಿದ್ದ. ಯಾವ ಸ್ಟೇಷನ್ನು ಅಂತ ನಾನು ಕೇಳಲಿಲ್ಲ. ಪಾಠ ಹೇಳುವವನಿಗೆ ಇದೆಲ್ಲ ಕೇಳಬೇಕೇ ಅನ್ನುವ ಧೈರ್ಯ.

ಲಂಡನ್ನಿನ ಹೀಥ್ರೊ ವಿಮಾನ ನಿಲ್ದಾಣದ ಟರ್ಮಿನಲ್ 5ರಲ್ಲಿ ಇಳಿದೆವು. ಆಗ ಅಲ್ಲಿ ನೆಲದಡಿಯಲ್ಲಿ ಎರಡು ಬಗೆಯ ರೈಲು ಅಕ್ಕಪಕ್ಕದಲ್ಲೇ ನಿಲ್ಲುತ್ತಿದ್ದವು. ಒಂದು ನಗರದ ಮಾಮೂಲಿ ಭೂಗತ ರೈಲು, ಪಿಕಡಿಲಿ ಮಾರ್ಗದ್ದು. ಹೆಚ್ಚುಕಡಿಮೆ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುತ್ತಾ ಹೋಗುತ್ತದೆ. ಇನ್ನೊಂದು ಊರೊಳಗಿನ ಪ್ಯಾಡಿಂಗ್ಟನ್ ಸ್ಟೇಷನ್ನಿಗೆ ಹೋಗುವ ವೇಗದ ರೈಲು. 21 ನಿಮಿಷ ಅಂತ ದೊಡ್ಡದಾಗಿ ಬರೆದಿತ್ತು. ಅಮ್ಮನಿಗೆ ಸುಸ್ತಾಗಿತ್ತು. ಬೇಗ ತಲುಪಿಸಬೇಕು ಅಂತ ಹೆಚ್ಚು ದುಡ್ಡು ಕೊಟ್ಟು ವೇಗದ ರೈಲಿನ ಟಿಕೆಟ್ಟೇ ತೆಗೆದೆ. ರೈಲು ಹೇಳಿದ ಹೊತ್ತಿಗೆ ಸರಿಯಾಗಿ ತಲುಪಿಸಿತು. ಅದರ ಕಡೆಯಿಂದ ಒಂದು ತಪ್ಪೂ ಇಲ್ಲ. ಪ್ಯಾಡಿಂಗ್ಟನ್ನಿನಲ್ಲಿ ಇಳಿದು ತಮ್ಮನಿಗೆ ಫೋನು ಮಾಡಿದೆ. "ಬಂದ್ವಪ್ಪ, ನೀನೆಲ್ಲಿದ್ದೀಯ?"

ಅವನು ಒಂದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ ಮೆತ್ತಗೆ ಕೇಳಿದ. "ಅಣ್ಣ, ಪ್ಯಾಡಿಂಗ್ಟನ್ನಿಗೆ ಯಾಕೆ ಹೋದೆ? ನಾನು ಹೌನ್ಸ್‌ಲೋ ಸೆಂಟ್ರಲ್‌ನಲ್ಲಿ ನಿಂತಿದ್ದೀನಿ."

ಮುಂದೆ ಕೇಳಿ. ಮೆಟ್ಟಿಲಿಳಿದು ಡಿಸ್ಟ್ರಿಕ್ಟ್ ಮಾರ್ಗದ ರೈಲು ಹಿಡಿದೆವು. ಕೆಲಸ ಬಿಡುವ ಹೊತ್ತು, ಕಾಲಿಡಲು ಜಾಗವಿಲ್ಲ. ಒಬ್ಬ ಹುಡುಗಿ ಎದ್ದು ಅಮ್ಮನಿಗೆ ಸೀಟು ಬಿಟ್ಟುಕೊಟ್ಟಳು. ಆ ಮಗು ಎಲ್ಲಿದ್ದರೂ ಚೆನ್ನಾಗಿರಲಿ. ಅರ್ಲ್ಸ್ ಕೋರ್ಟ್‌ನಲ್ಲಿ ಇಳಿದು, ಇನ್ನೂ ಆಳಕ್ಕೆ ಹೋಗಿ ಮತ್ತೊಂದು ರೈಲು ಹಿಡಿಯಬೇಕಾಗಿತ್ತು. ಎರಡು ದೊಡ್ಡ ಪೆಟ್ಟಿಗೆ, ಒಂದು ಕೈಚೀಲ, ಅಮ್ಮನ ಮಂಡಿ. ಹತ್ತು ಹೆಜ್ಜೆಗೊಮ್ಮೆ ನಿಂತು ಸುಧಾರಿಸಿಕೊಂಡೆವು. ಕೊನೆಗೆ ಗಾಡಿ ಬಂತು. ಅದರ ಹಣೆಯ ಮೇಲೆ ಬರೆದಿದ್ದ ಹೆಸರು ಹೀಥ್ರೊ.

ನಾವು ಹೊರಟಿದ್ದ ಜಾಗಕ್ಕೇ ವಾಪಸು ಹೋಗುತ್ತಿದ್ದೆವು! ಪಿಕಡಿಲಿ ಮಾರ್ಗ ಅದು, ವಿಮಾನ ನಿಲ್ದಾಣದಲ್ಲಿ ಪಕ್ಕದ ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದ್ದ ಅದೇ ಮಾಮೂಲಿ ರೈಲಿನ ಮಾರ್ಗ. ಟರ್ಮಿನಲ್ 5ರಿಂದ ಹೌನ್ಸ್‌ಲೋ ಸೆಂಟ್ರಲ್ ನಾಲ್ಕನೇ ನಿಲ್ದಾಣ. ಹೆಚ್ಚೆಂದರೆ ಇಪ್ಪತ್ತು ನಿಮಿಷ. ಒಂದು ಸಲವೂ ಗಾಡಿ ಬದಲಿಸಬೇಕಾಗಿರಲಿಲ್ಲ. ಕಡಿಮೆ ದುಡ್ಡಿನಲ್ಲಿ ಅಮ್ಮ ಕೂತಲ್ಲಿಂದ ಏಳದೆ ಮಗನ ಸ್ಟೇಷನ್ನಿನಲ್ಲಿ ಇಳಿಯಬಹುದಿತ್ತು. ನಾನು ಒಂದೂವರೆ ಗಂಟೆಗೂ ಮೀರಿ ಅವಳನ್ನು ಅಲೆಸಿದ್ದೆ. ತಮ್ಮನ ಮನೆ ಸೇರಿದ ಮೇಲೆ ಅಮ್ಮ ನನ್ನನ್ನು ಬಯ್ಯಲಿಲ್ಲ. ಮಂಡಿಗೆ ಬಿಸಿನೀರಿನ ಬಟ್ಟೆ ಹಾಕಿಸಿಕೊಳ್ಳುತ್ತಾ ಒಂದೇ ಮಾತು ಕೇಳಿದಳು. "ಎಲ್ಲಿ ಇಳೀಬೇಕು ಅಂತ ನಿಂಗೆ ಗೊತ್ತಿರಲಿಲ್ವೇನೋ?" ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದಕ್ಕೇ ಮತ್ತೆ ಮತ್ತೆ ಹೇಳುತ್ತಿದ್ದೇನೆ. ಇಳಿಯುವ ಜಾಗ ಮೊದಲು.

ಇದು ಎಲ್ಲ ಕಡೆಗೂ ಹೊಂದುವ ಮಾತು. ಟೋಕಿಯೊದ ನರಿತಾ ವಿಮಾನ ನಿಲ್ದಾಣ ಊರಿನಿಂದ ಸುಮಾರು 60 ಕಿಲೋಮೀಟರ್ ಆಚೆಗಿದೆ. ಅಲ್ಲಿಂದ ಎರಡು ವೇಗದ ರೈಲುಗಳಿವೆ. ಸ್ಕೈಲೈನರ್ ಅನ್ನುವುದು ನಿಪ್ಪೋರಿ, ಉಯೆನೊ ಕಡೆಗೆ ಹೋಗುತ್ತದೆ. ನರಿತಾ ಎಕ್ಸ್‌ಪ್ರೆಸ್ ಟೋಕಿಯೊ ಸ್ಟೇಷನ್, ಶಿಬುಯಾ, ಶಿಂಜುಕು ಕಡೆಗೆ. ಎರಡರಲ್ಲಿ ಯಾವುದು ಒಳ್ಳೆಯದು ಅಂತ ನನ್ನನ್ನು ಕೇಳುತ್ತಾರೆ. ಎಲ್ಲಿ ಇಳಿಯುತ್ತೀರಿ ಅಂತ ಹೇಳದೆ ಇದನ್ನು ಕೇಳಿದರೆ ನಾನು ಏನು ಹೇಳಲಿ? ಆಮ್‌ಸ್ಟರ್‌ಡಾಮಿನ ಸ್ಕಿಪೋಲ್ ವಿಮಾನ ನಿಲ್ದಾಣ ನೋಡಿ. ರೈಲು ನಿಲ್ದಾಣ ಟರ್ಮಿನಲ್ಲಿನ ಕೆಳಗೇ ಇದೆ. ಅಲ್ಲಿಂದ ರೈಲುಗಳು ಆಮ್‌ಸ್ಟರ್‌ಡಾಮಿನ ಮುಖ್ಯ ಸ್ಟೇಷನ್ನಿಗೆ ಮಾತ್ರ ಅಲ್ಲ, ಬೇರೆ ಊರುಗಳಾದ ರಾಟರ್‌ಡಾಮಿಗೆ, ಉಟ್ರೆಕ್ಟಿಗೆ ನೇರ ಹೋಗುತ್ತವೆ. ಉಟ್ರೆಕ್ಟಿಗೆ ಹೋಗುವವರು ಮೊದಲು ಆಮ್‌ಸ್ಟರ್‌ಡಾಮಿನೊಳಗೆ ಹೋಗಿ ಅಲ್ಲಿಂದ ತಿರುಗಿ ಹೊರಡುವುದು, ನಾನು ಪ್ಯಾಡಿಂಗ್ಟನ್ನಿಗೆ ಹೋದ ಹಾಗೆಯೇ.

ವಿಮಾನ ನಿಲ್ದಾಣದ ಬಾಗಿಲಿಗೆ ರೈಲು ತರುವುದು ನಿನ್ನೆ ಮೊನ್ನೆಯ ವಿಚಾರವಲ್ಲ. ಬರ್ಲಿನ್ನಿನ ಟೆಂಪಲ್‌ಹೋಫ್ ವಿಮಾನ ನಿಲ್ದಾಣದ ಹತ್ತಿರಕ್ಕೆ ಭೂಗತ ರೈಲು 1927ರಲ್ಲೇ ಬಂತು. ಲಂಡನ್ನಿನ ದಕ್ಷಿಣಕ್ಕಿರುವ ಗ್ಯಾಟ್ವಿಕ್‌ನಲ್ಲಿ 1936ರಲ್ಲಿ ಕಟ್ಟಿದ ದುಂಡನೆಯ ಟರ್ಮಿನಲ್ಲಿಗೆ ರೈಲು ನಿಲ್ದಾಣದಿಂದ ನೆಲದಡಿಯ ದಾರಿಯೇ ಇತ್ತು. ಮಳೆಯಲ್ಲಿ ನೆನೆಯದೆ ರೈಲಿನಿಂದ ವಿಮಾನಕ್ಕೆ ನಡೆದು ಹೋಗಬಹುದಿತ್ತು. ಟೋಕಿಯೊದಲ್ಲಿ 1964ರ ಒಲಿಂಪಿಕ್ಸ್‌ಗೆ ಮುಂಚೆ ಹನೇದಾ ವಿಮಾನ ನಿಲ್ದಾಣಕ್ಕೆ ಒಂಟಿ ಹಳಿಯ ಮೋನೊರೈಲು ಕಟ್ಟಿದರು. ಇಂದಿಗೂ ಓಡುತ್ತಿದೆ. ಇಷ್ಟು ಜನ ಇಷ್ಟು ವರ್ಷ ದುಡಿದು ನಮಗಾಗಿ ದಾರಿ ಮಾಡಿಟ್ಟಿದ್ದಾರೆ. ನಾವು ಹೊರಡುವ ಮುಂಚೆ ಹತ್ತು ನಿಮಿಷ ನಕ್ಷೆ ನೋಡಬಾರದೇ?

ಕಥೆಯಲ್ಲೇ ಬಹಳ ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ವಿಮಾನ ನಿಲ್ದಾಣದ ಹೆಸರು ನಂಬಬೇಡಿ, ದೂರ ನೋಡಿ. ಪ್ಯಾರಿಸ್ ಹೆಸರು ಹೊತ್ತ ಬೋವೆ ವಿಮಾನ ನಿಲ್ದಾಣ ಪ್ಯಾರಿಸ್ಸಿನಿಂದ ಸುಮಾರು 85 ಕಿಲೋಮೀಟರ್ ದೂರ. ಫ್ರಾಂಕ್‌ಫರ್ಟ್ ಹೆಸರು ಹೊತ್ತ ಹಾನ್, ಫ್ರಾಂಕ್‌ಫರ್ಟಿನಿಂದ ನೂರು ಕಿಲೋಮೀಟರಿಗೂ ಮೀರಿ. ಟಿಕೆಟ್ಟು ಅಗ್ಗ ಅಂತ ತೆಗೆಯುವಾಗ ಇದನ್ನೂ ಲೆಕ್ಕ ಹಾಕಿ.

ರಾತ್ರಿ ಇಳಿಯುವವರು ಕೊನೆಯ ಗಾಡಿ ಎಷ್ಟು ಹೊತ್ತಿಗೆ ಅಂತ ಕೇಳಿಟ್ಟುಕೊಳ್ಳಿ. ವಿಮಾನ ನೆಲ ಮುಟ್ಟುವ ಹೊತ್ತನ್ನು ಹಿಡಿದು ಲೆಕ್ಕ ಹಾಕಬೇಡಿ. ಪಾಸ್‌ಪೋರ್ಟಿನ ಸಾಲು ದಾಟಿ, ಪೆಟ್ಟಿಗೆ ಕೈಗೆ ಬರುವ ಹೊತ್ತು ಹಿಡಿಯಿರಿ. ಒಂದು ಗಂಟೆ ಸೇರಿಸಿ. ಕೋಪನ್‌ಹೇಗನ್ನಿನ ಮೆಟ್ರೊ ವಿಮಾನ ನಿಲ್ದಾಣಕ್ಕೆ ರಾತ್ರಿಯಿಡೀ ಓಡುತ್ತದೆ. ಎಲ್ಲ ಊರೂ ಕೋಪನ್‌ಹೇಗನ್ ಅಲ್ಲ. ರೈಲು ನಿಂತ ಮೇಲೆ ಎಷ್ಟೋ ಕಡೆ ರಾತ್ರಿ ಬಸ್ಸು ಇರುತ್ತದೆ. ಅದರ ನಂಬರು ಮತ್ತು ಅದು ನಿಲ್ಲುವ ಜಾಗ ಮನೆಯಲ್ಲೇ ಬರೆದಿಟ್ಟುಕೊಳ್ಳಿ.

ಟಿಕೆಟ್ಟಿನ ವಿಚಾರ. ಮ್ಯಾಡ್ರಿಡ್, ಸಿಡ್ನಿ ಮುಂತಾದ ಕಡೆ ವಿಮಾನ ನಿಲ್ದಾಣದ ಸ್ಟೇಷನ್ನಿಗೆ ಹೆಚ್ಚಿನ ಶುಲ್ಕ ಉಂಟು. ಲಕ್ಸಂಬರ್ಗಿನಲ್ಲಿ 2020ರಿಂದ ಬಸ್ಸು, ಟ್ರಾಮು ಎಲ್ಲ ಉಚಿತ. ವಿಮಾನ ನಿಲ್ದಾಣದಿಂದಲೂ ಸುಮ್ಮನೆ ಹತ್ತಿ ಕೂರಬಹುದು. ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣದಲ್ಲಿ ಏರ್‌ಟ್ರೇನ್ ಅನ್ನುವ ರೈಲು ಟರ್ಮಿನಲ್ಲುಗಳ ನಡುವೆ ಉಚಿತ, ಜಮೈಕಾ ಅಥವಾ ಹೋವರ್ಡ್ ಬೀಚ್ ಸ್ಟೇಷನ್ನಿನಲ್ಲಿ ಹೊರಬರುವಾಗ ದುಡ್ಡು ಕೊಡಬೇಕು. ಜಮೈಕಾಗೆ ಹೋಗಬೇಕೋ ಹೋವರ್ಡ್ ಬೀಚಿಗೋ? ಅದೂ ನೀವು ಕೊನೆಗೆ ಎಲ್ಲಿ ಇಳಿಯುತ್ತೀರಿ ಅನ್ನುವುದರ ಮೇಲೆ. ಯಾವ ಊರೇ ಆಗಲಿ, ಟಿಕೆಟ್ಟನ್ನು ಹೊರಗಿನ ಗೇಟು ದಾಟುವವರೆಗೂ ಕೈಯಲ್ಲೇ ಇಟ್ಟುಕೊಳ್ಳಿ.

ಇನ್ನು ಸಾಮಾನು. ನಿಮ್ಮ ಪೆಟ್ಟಿಗೆಯನ್ನು ನೀವೇ ಒಂದು ಮಹಡಿ ಮೆಟ್ಟಿಲು ಹತ್ತಿಸಬಲ್ಲಿರಾ ಅಂತ ಮನೆಯಲ್ಲೇ ಒಂದು ಸಲ ನೋಡಿ. ಆಗದಿದ್ದರೆ ನಾಲ್ಕು ಬಟ್ಟೆ ತೆಗೆದಿಡಿ. ವಯಸ್ಸಾದವರು ಜೊತೆಗಿದ್ದರೆ ಹತ್ತು ನಿಮಿಷ ಹೆಚ್ಚಾದರೂ ಗಾಡಿ ಬದಲಿಸದ ದಾರಿಯನ್ನೇ ಹಿಡಿಯಿರಿ. ಇಳಿಯುವ ಸ್ಟೇಷನ್ನಿನಲ್ಲಿ ಲಿಫ್ಟು ಇದೆಯೇ ಅಂತ ಮೊದಲೇ ನೋಡಿ.

ಇನ್ನೊಂದು ನಿಮಿಷ ಇದೆ ಅಂತ ಕೈ ತೋರಿಸುತ್ತಿದ್ದಾರೆ. ವಾಪಸು ಹೋಗುವಾಗಲೂ ಇದೇ ಮಾತು. ಆಗ ನೀವು ಇಳಿಯುವ ಜಾಗ ವಿಮಾನ ನಿಲ್ದಾಣ ಅಲ್ಲ, ನಿಮ್ಮ ಟರ್ಮಿನಲ್. ಟಿಕೆಟ್ಟಿನ ಮೇಲೆ ಅದರ ನಂಬರು ಇರುತ್ತದೆ.

ಎರಡು ತಿಂಗಳಾದ ಮೇಲೆ ನಾನೂ ಅಮ್ಮನೂ ಹೌನ್ಸ್‌ಲೋ ಸೆಂಟ್ರಲ್ ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದ್ದೆವು. ಗಾಡಿ ಬಂತು. ಹೀಥ್ರೊ ಅಂತ ಬರೆದಿತ್ತು. ನಾನು ಪೆಟ್ಟಿಗೆ ಎತ್ತಿದೆ. ಅಮ್ಮ ನನ್ನ ತೋಳು ಹಿಡಿದು ನಿಲ್ಲಿಸಿದಳು. "ಹೀಥ್ರೊದಲ್ಲಿ ಎಲ್ಲಿ? ಅದನ್ನ ಮೊದಲು ನೋಡು." ನೋಡಿದೆ. ಹೀಥ್ರೊ ಪಕ್ಕದಲ್ಲಿ ಟರ್ಮಿನಲ್ 4 ಅಂತಿತ್ತು. ನಮ್ಮದು 5. ಆ ಗಾಡಿಯನ್ನು ಬಿಟ್ಟು, ಬೆಂಚಿನ ಮೇಲೆ ಕೂತು ಮುಂದಿನದಕ್ಕೆ ಕಾದೆವು.

ನಮಸ್ಕಾರ.