ಷರಾ ಕಾಲಂ ಖಾಲಿ ಇದೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಆಟಗಾರನಲ್ಲ. ಆಟ ನೋಡಿ ಬರೆದುಕೊಂಡವನು. ಹೊಟ್ಟೆಪಾಡಿಗೆ ಗುಮಾಸ್ತಗಿರಿ, ಭಾನುವಾರ ಬಂತೆಂದರೆ ನಮ್ಮ ಕಡೆಯ ಕ್ರಿಕೆಟ್ ಪಂದ್ಯಗಳಿಗೆ ಸ್ಕೋರರ್. ಮೈದಾನದ ಅಂಚಿಗೆ ಒಂದು ಶಾಮಿಯಾನ, ಅದರಡಿ ಶಾಲೆಯಿಂದ ಹೊತ್ತು ತಂದ ಬೆಂಚು, ಬೆಂಚಿನ ಮೇಲೆ ಉದ್ದನೆಯ ಸ್ಕೋರು ಪುಸ್ತಕ, ಗಾಳಿಗೆ ಹಾಳೆ ಹಾರದ ಹಾಗೆ ಮೇಲೊಂದು ಕಲ್ಲು. ರನ್ ಬಂದರೆ ಅಂಕಿ, ಬರದಿದ್ದರೆ ಚುಕ್ಕಿ. ಔಟಾದರೆ ಹೇಗೆ ಔಟಾದ, ಯಾರ ಬೌಲಿಂಗಿಗೆ ಔಟಾದ ಅಂತ ಅರ್ಧ ಸಾಲು. ಅಷ್ಟೇ ಕೆಲಸ.

ಆದರೆ ಕಚೇರಿಯ ಚಾಳಿ ಎಲ್ಲಿಗೆ ಹೋಗುತ್ತೆ? ಷರಾ ಇಲ್ಲದ ಪುಸ್ತಕ ನನಗೆ ಪುಸ್ತಕವೇ ಅಲ್ಲ. ಹಾಗಾಗಿ ಪ್ರತಿ ಪುಟದ ಬಲಗಡೆ ಸ್ಕೇಲಿಟ್ಟು ಒಂದು ಗೆರೆ ಎಳೆದು, ಮೇಲೆ ‘ಷರಾ’ ಅಂತ ಬರೆದುಕೊಳ್ಳುತ್ತಿದ್ದೆ. ಬರೆದುಕೊಂಡೆನೇ ಹೊರತು ಒಂದು ದಿನವೂ ಅದನ್ನು ತುಂಬಲಿಲ್ಲ. ಇವತ್ತು ನನ್ನ ಮಾತೆಲ್ಲ ಆ ಖಾಲಿ ಕಾಲಂ ಬಗ್ಗೆ.

ಯಾಕೆ ಅಂತೀರಾ? 1996ರ ವಿಶ್ವಕಪ್ಪಿನ ಒಂದು ಸಾಲು ಓದುತ್ತೇನೆ, ಕೇಳಿ. ಆಮೀರ್ ಸೊಹೈಲ್, ಬೌಲ್ಡ್ ವೆಂಕಟೇಶ್ ಪ್ರಸಾದ್, 55. ಇಷ್ಟೇ. ಓದಿದವರಿಗೆ ಏನು ಗೊತ್ತಾಗುತ್ತೆ? ಒಬ್ಬ ಚೆನ್ನಾಗಿ ಆಡಿದ, ಬೌಲ್ಡ್ ಆದ.

ಆದರೆ ಮಾರ್ಚ್ 9ರ ರಾತ್ರಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಇದ್ದವರನ್ನು ಕೇಳಿ. ಕ್ವಾರ್ಟರ್ ಫೈನಲ್. ಎದುರಿಗೆ ಪಾಕಿಸ್ತಾನ. ವಾಸಿಮ್ ಅಕ್ರಂ ಗಾಯಗೊಂಡು ಹೊರಗೆ ಕೂತಿದ್ದರು, ನಾಯಕತ್ವ ಸೊಹೈಲ್ ತಲೆ ಮೇಲೆ. ನಮ್ಮವರು 287 ಹೊಡೆದಿದ್ದರು. ಆದರೂ ಸೊಹೈಲ್ ಆಡುತ್ತಿದ್ದ ರೀತಿಗೆ ಇಡೀ ಮೈದಾನ ತಣ್ಣಗಾಗಿತ್ತು. ಪ್ರಸಾದ್ ಹಾಕಿದ ಚೆಂಡನ್ನು ಕವರ್ಸ್ ಕಡೆ ಬೌಂಡರಿಗೆ ಅಟ್ಟಿದರು. ಅಟ್ಟಿ ಸುಮ್ನೆ ಇರಬಹುದಿತ್ತು. ಇರಲಿಲ್ಲ. ಬ್ಯಾಟು ಚಾಚಿ, ಚೆಂಡು ಹೋದ ದಿಕ್ಕು ತೋರಿಸಿ, ಮುಂದಿನದೂ ಅಲ್ಲಿಗೇ ಅನ್ನುವ ಹಾಗೆ ಬೌಲರ್ ಕಡೆ ನೋಡಿದರು. ಪ್ರಸಾದ್ ಮಾತಾಡದೆ ತಿರುಗಿ ನಡೆದರು. ಮುಂದಿನ ಚೆಂಡಿಗೆ ಸೊಹೈಲ್ ಮತ್ತೆ ಅದೇ ಕಡೆ ಬ್ಯಾಟು ಬೀಸಿದರು. ಚೆಂಡು ಸಿಗಲಿಲ್ಲ. ಆಫ್ ಸ್ಟಂಪ್ ಹಾರಿಹೋಯಿತು. ಆಮೇಲೆ ಪ್ರಸಾದ್ ಬಾಯಿಂದ ಏನು ಬಂತೋ ಅದನ್ನು ಬಾನುಲಿಯಲ್ಲಿ ಹೇಳುವ ಹಾಗಿಲ್ಲ. ಬೆಂಗಳೂರಿನ ಹುಡುಗ, ತಣ್ಣನೆಯ ಮನುಷ್ಯ ಅಂತ ಹೆಸರು. ಅವತ್ತು ಕೈ ತೋರಿಸಿ ಪೆವಿಲಿಯನ್ ದಾರಿ ಹೇಳಿಕೊಟ್ಟರು. ಭಾರತ 39 ರನ್ನಿನಿಂದ ಗೆದ್ದಿತು.

ಆ ಎರಡು ಚೆಂಡು ನನ್ನ ಲೆಕ್ಕದಲ್ಲಿ ಒಂದು ನಾಲ್ಕು, ಒಂದು ಡಬ್ಲ್ಯೂ, ಅಂದರೆ ವಿಕೆಟ್. ಪಕ್ಕಪಕ್ಕದ ಎರಡು ಅಕ್ಷರ. ನಡುವೆ ಇದ್ದ ಬ್ಯಾಟಿನ ತುದಿ ಯಾವ ಪುಸ್ತಕದಲ್ಲೂ ಇಲ್ಲ.

ಇನ್ನು ಚುಕ್ಕಿಗಳ ಕತೆ. ಸ್ಕೋರರ್ ಆದವನಿಗೆ ಬರೆದು ಬರೆದು ಕೈನೋವು ಬರುವುದು ಸಿಕ್ಸರಿನಿಂದ ಅಲ್ಲ, ಚುಕ್ಕಿಯಿಂದ. 1975ರ ಜೂನ್ 7ರಂದು ಲಾರ್ಡ್ಸ್‌ನಲ್ಲಿ ಕೂತಿದ್ದ ಸ್ಕೋರರ್‌ಗಳನ್ನು ನೆನೆದರೆ ನನಗೆ ಪಾಪ ಅನ್ನಿಸುತ್ತೆ. ಗಂಡಸರ ವಿಶ್ವಕಪ್ ಅನ್ನುವುದು ಶುರುವಾದದ್ದೇ ಅವತ್ತು. ಇಂಗ್ಲೆಂಡ್ 60 ಓವರಿಗೆ 334 ಮಾಡಿತು. ಆ ಕಾಲಕ್ಕೆ ಅದು ಗುಡ್ಡದಂಥ ಮೊತ್ತ. ಉತ್ತರಕ್ಕೆ ಬಂದ ಸುನಿಲ್ ಗಾವಸ್ಕರ್ ಕೊನೆ ಓವರ್ ತನಕ ಔಟಾಗಲಿಲ್ಲ. ಹೊಡೆದದ್ದು 36. ಎದುರಿಸಿದ್ದು 174 ಚೆಂಡು. ಬೌಂಡರಿ ಒಂದೇ ಒಂದು. ನಮ್ಮ ಗುಂಡಪ್ಪ ವಿಶ್ವನಾಥ್ ಅದೇ ಇನಿಂಗ್ಸ್‌ನಲ್ಲಿ 59 ಚೆಂಡಿಗೆ 37 ಹೊಡೆದು ಹೋದರು. ಅಂದರೆ ಅರವತ್ತು ಓವರ್ ನಿಂತವರಿಗಿಂತ ಒಂದು ರನ್ ಜಾಸ್ತಿ! ಕಡೆಗೆ ಭಾರತ 3 ವಿಕೆಟಿಗೆ 132. ಏಳು ವಿಕೆಟ್ ಕೈಯಲ್ಲಿಟ್ಟುಕೊಂಡು 202 ರನ್ನಿನಿಂದ ಸೋಲು. ನೋಡೋಕೆ ಬಂದಿದ್ದ ನಮ್ಮ ಜನ ಸಿಟ್ಟು ತಡೆಯಲಾರದೆ ಮೈದಾನದೊಳಗೇ ನುಗ್ಗಿ ಬೇಡಿಕೊಂಡರು. ಊಹೂಂ.

ಯಾಕೆ ಹಾಗೆ ಆಡಿದರು? ಪಿಚ್ಚು ಅಂದವರುಂಟು, ಮುನಿಸು ಅಂದವರುಂಟು, ಅಭ್ಯಾಸ ಮಾಡಿಕೊಂಡರು ಅಂದವರೂ ಉಂಟು. ಜಗತ್ತಿನ ವೇಗದ ಬೌಲರ್‌ಗಳನ್ನೆಲ್ಲ ಹೆಲ್ಮೆಟ್ ಇಲ್ಲದೆ ಎದುರಿಸಿದ ಮನುಷ್ಯ ಅದು. ದೊಡ್ಡವರಿಗೂ ಒಂದೊಂದು ದಿನ ಹಾಗಾಗುತ್ತೆ ಅಂತ ಬಿಟ್ಟುಬಿಡುವುದು ವಾಸಿ.

ಚುಕ್ಕಿ ಅಂದಾಗ ರಾಹುಲ್ ದ್ರಾವಿಡ್ ನೆನಪಾಗದೇ ಇರುತ್ತಾರೆಯೇ? 2008ರ ಜನವರಿ, ಸಿಡ್ನಿ. 18 ರನ್ನಿಗೆ ಬಂದು ನಿಂತರು. ನಿಂತರು ಅಂದರೆ ನಿಂತೇಬಿಟ್ಟರು. ಒಂದಲ್ಲ, ಎರಡಲ್ಲ, 40 ಚೆಂಡು. ಹದಿನೆಂಟು ಹದಿನೆಂಟಾಗಿಯೇ ಉಳಿಯಿತು. ಆಮೇಲೆ ಹೇಗೋ ಒಂದು ರನ್ ಸಿಕ್ಕಿತು. ಇಡೀ ಸಿಡ್ನಿ ಎದ್ದು ಚಪ್ಪಾಳೆ ತಟ್ಟಿತು. ಲೇವಡಿಯೇ, ಬೇರೇನಲ್ಲ. ಬೇರೆಯವರಾಗಿದ್ದರೆ ತಲೆ ತಗ್ಗಿಸುತ್ತಿದ್ದರು, ಇಲ್ಲಾ ಸಿಡುಕುತ್ತಿದ್ದರು. ನಮ್ಮ ದ್ರಾವಿಡ್ ನೂರು ಹೊಡೆದವರ ಹಾಗೆ ಬ್ಯಾಟು ಎತ್ತಿ ಎಲ್ಲರಿಗೂ ತೋರಿಸಿದರು. ಲೇವಡಿ ಅಲ್ಲೇ ನಗುವಾಯಿತು. ಆ ನಲವತ್ತು ಚುಕ್ಕಿಗಳ ಮುಂದೆ ಒಂದು ಷರಾ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಕೆಲವು ಸಲ ಬರೆದದ್ದನ್ನೇ ಹೊಡೆದುಹಾಕಬೇಕಾಗುತ್ತೆ. 1980ರ ಫೆಬ್ರವರಿ. ಭಾರತದ ಕ್ರಿಕೆಟ್ ಮಂಡಳಿಗೆ ಐವತ್ತು ತುಂಬಿದ ಸಂಭ್ರಮಕ್ಕೆ ಮುಂಬೈಯ ವಾಂಖೆಡೆಯಲ್ಲಿ ಇಂಗ್ಲೆಂಡ್ ಜೊತೆ ಒಂದೇ ಒಂದು ಟೆಸ್ಟ್. ನಾಯಕ ನಮ್ಮ ಭದ್ರಾವತಿಯ ವಿಶ್ವನಾಥ್. ಇಂಗ್ಲೆಂಡ್ 58ಕ್ಕೆ 5. ಆಗ ಇಯಾನ್ ಬೋಥಂ ಜೊತೆ ವಿಕೆಟ್ ಕೀಪರ್ ಬಾಬ್ ಟೇಲರ್ ಸೇರಿಕೊಂಡರು. ಒಂದು ಚೆಂಡು ಟೇಲರ್ ಬ್ಯಾಟಿನ ಪಕ್ಕ ಹಾದು ಕೀಪರ್ ಕೈ ಸೇರಿತು. ಅಪೀಲು. ಅಂಪೈರ್ ಬೆರಳೆತ್ತಿದರು. ಟೇಲರ್ ಮುಖ ಸಪ್ಪೆ ಮಾಡಿಕೊಂಡು ನಿಂತರು. ಸ್ಲಿಪ್ಪಿನಲ್ಲಿದ್ದ ವಿಶ್ವನಾಥ್‌ಗೆ ಚೆಂಡು ಬ್ಯಾಟಿಗೆ ತಾಗಿಲ್ಲ ಅಂತ ಗೊತ್ತಿತ್ತು. ಅಂಪೈರ್ ಹತ್ತಿರ ಹೋಗಿ ಹೇಳಿದರು, ಟೇಲರನ್ನು ವಾಪಸು ಕರೆಸಿದರು.

ಮುಂದಿನದು ಲೆಕ್ಕದ ಮಾತು. ಟೇಲರ್ 43 ಹೊಡೆದರು, ಬೋಥಂ 114. ಇಬ್ಬರೂ ಸೇರಿ 171. ಅದು ಸಾಲದು ಅಂತ ಬೋಥಂ ಎರಡೂ ಇನಿಂಗ್ಸ್ ಸೇರಿ 13 ವಿಕೆಟ್ ತೆಗೆದರು. ಭಾರತ 10 ವಿಕೆಟ್‌ಗಳಿಂದ ಸೋತಿತು, ನಮ್ಮದೇ ಹಬ್ಬದಲ್ಲಿ. ವಿಶಿ ಮಾಡಿದ್ದು ಸರಿಯೇ ಅಂತ ನಮ್ಮ ಶಾಮಿಯಾನದಡಿ ಎಷ್ಟು ಭಾನುವಾರ ಜಗಳ ನಡೆದಿಲ್ಲ! ನಾನಂತೂ ವಿಶಿ ಕಡೆ. ಆದರೆ ಸ್ಕೋರರ್ ಆಗಿ ನನಗೆ ಬೇರೆಯದೇ ಯೋಚನೆ. ಬೆರಳು ಎತ್ತಿದ ಕೂಡಲೇ ಆ ಸ್ಕೋರರ್ ಔಟ್ ಅಂತ ಬರೆದಿರಬೇಕು ಅಲ್ವಾ? ಮತ್ತೆ ಹೊಡೆದುಹಾಕಿರಬೇಕು. ಆ ಕಾಟು ಗುರುತಿಗೆ ಏನಂತ ಕಾರಣ ಬರೆದರೋ!

ಬರೆಯಲು ಪದವೇ ಸಿಗದಂಥವೂ ಇವೆ. 1979ರ ಡಿಸೆಂಬರ್, ಪರ್ತ್. ಆಸ್ಟ್ರೇಲಿಯಾದ ಬೌಲರ್ ಡೆನ್ನಿಸ್ ಲಿಲ್ಲಿ ಅಲ್ಯೂಮಿನಿಯಂ ಬ್ಯಾಟು ಹಿಡಿದು ಟೆಸ್ಟ್ ಆಡೋಕೆ ಬಂದರು. ಚೆಂಡು ತಾಗಿದರೆ ಪಾತ್ರೆ ಅಂಗಡಿಯ ಸದ್ದು. ಚೆಂಡು ಹಾಳಾಗುತ್ತೆ ಅಂತ ಇಂಗ್ಲೆಂಡ್ ನಾಯಕ ದೂರು ಕೊಟ್ಟರು. ಕಡೆಗೆ ಲಿಲ್ಲಿ ಸಿಟ್ಟಿನಲ್ಲಿ ಬ್ಯಾಟನ್ನು ದೂರಕ್ಕೆ ಎಸೆದರು. 2023ರ ನವೆಂಬರಿನಲ್ಲಿ ದಿಲ್ಲಿಯಲ್ಲಿ ಶ್ರೀಲಂಕಾದ ಏಂಜೆಲೋ ಮ್ಯಾಥ್ಯೂಸ್ ಹೆಲ್ಮೆಟ್ಟಿನ ಪಟ್ಟಿ ಕಿತ್ತುಬಂದು, ಒಂದೂ ಚೆಂಡು ಆಡದೆ, ತಡವಾಯಿತು ಅನ್ನುವ ಕಾರಣಕ್ಕೆ ಔಟಾದರು. ಅಂತಾರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ ಹಾಗೆ ಔಟಾದವರಲ್ಲಿ ಮೊದಲಿಗರು. ಮೊದಲಿಗರಾಗುವುದಕ್ಕೂ ಒಂದು ರೀತಿ ಬೇಡವೇ, ಪಾಪ.

ಕ್ರಿಕೆಟ್ ಆಚೆಗೂ ಒಂದು ಸುತ್ತು ಹೋಗಿ ಬರೋಣ. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಒಲಿಂಪಿಕ್ಸ್. ಮ್ಯಾರಥಾನ್ ದಿನ ಸುಡುಬಿಸಿಲು, ರಸ್ತೆಯೆಲ್ಲ ಧೂಳು, ಕುಡಿಯಲು ನೀರಿಗೂ ಗತಿಯಿಲ್ಲ. ಹೊರಟವರು 32 ಜನ, ಮುಟ್ಟಿದವರು 14. ಒಬ್ಬನನ್ನು ನಾಯಿ ಅಟ್ಟಿಸಿಕೊಂಡು ಹೋಗಿ ದಾರಿ ತಪ್ಪಿಸಿತು. ಕ್ಯೂಬಾದ ಒಬ್ಬ ಪೋಸ್ಟ್‌ಮನ್ ದಾರಿಯಲ್ಲಿ ಸೇಬು ತಿಂದು ಹೊಟ್ಟೆ ಕೆಡಿಸಿಕೊಂಡು, ಆದರೂ ನಾಲ್ಕನೆಯವನಾಗಿ ಬಂದ. ಎಲ್ಲರಿಗಿಂತ ಮುಂಚೆ ಕ್ರೀಡಾಂಗಣಕ್ಕೆ ಓಡಿ ಬಂದವನು ಫ್ರೆಡ್ ಲೋರ್ಜ್ ಎಂಬ ಗಾರೆ ಕೆಲಸದವನು. ಜನ ಕುಣಿದಾಡಿದರು, ಬಹುಮಾನಕ್ಕೂ ಸಿದ್ಧತೆ ನಡೆಯಿತು. ಅಷ್ಟರಲ್ಲಿ ಯಾರೋ ಬಾಯಿಬಿಟ್ಟರು. ಈ ಮಹಾರಾಯ ನಡುವೆ ಸುಸ್ತಾಗಿ ಕಾರು ಹತ್ತಿ, ಮೈಲಿಗಟ್ಟಲೆ ಕೂತು ಬಂದು, ಕಾರು ಕೆಟ್ಟ ಮೇಲೆ ಇಳಿದು ಓಡಿದ್ದ! ತಮಾಷೆಗೆ ಮಾಡಿದೆ ಅಂದ. ಯಾರೂ ನಗಲಿಲ್ಲ. ತಮಾಷೆ ಅಂದರೆ, ಮರುವರ್ಷ ಬಾಸ್ಟನ್ ಮ್ಯಾರಥಾನನ್ನು ಅವನೇ ಗೆದ್ದ. ಈ ಸಲ ಕಾಲಲ್ಲೇ.

ಜಪಾನಿನ ಶಿಜೊ ಕನಕುರಿ ಕತೆ ಇದಕ್ಕೆ ತದ್ವಿರುದ್ಧ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್. ಹಡಗು, ರೈಲು ಹಿಡಿದು ವಾರಗಟ್ಟಲೆ ಪ್ರಯಾಣ ಮಾಡಿ ಬಂದಿದ್ದ. ಬಿಸಿಲಿಗೆ ಮ್ಯಾರಥಾನ್ ನಡುವೆ ಬಸವಳಿದ. ದಾರಿಯ ಒಂದು ಮನೆಯವರು ಕುಡಿಯಲು ಕೊಟ್ಟರು, ಉಪಚರಿಸಿದರು. ಮುಗಿಸಲಾಗಲಿಲ್ಲ ಅನ್ನುವ ನಾಚಿಕೆಗೆ ಯಾರಿಗೂ ಹೇಳದೆ ಊರಿಗೆ ಹೊರಟುಬಿಟ್ಟ. ಸ್ವೀಡನ್ನಿನವರ ಲೆಕ್ಕದಲ್ಲಿ ಅವನು ಕಾಣೆಯಾದವನು. 1967ರಲ್ಲಿ ಅವರು ಅಜ್ಜನನ್ನು ಹುಡುಕಿ ಕರೆಸಿ, ಬಾಕಿ ಓಟ ಮುಗಿಸಿ ಅಂದರು. 75 ವರ್ಷದ ಅಜ್ಜ ಕೋಟು ಹಾಕಿಕೊಂಡು ಓಡಿ ಗೆರೆ ದಾಟಿದರು. ದಾಖಲೆ ಬರೆದವರು ಬಿಡದೆ ಲೆಕ್ಕ ಹಾಕಿದರು: 54 ವರ್ಷ, 8 ತಿಂಗಳು, 6 ದಿನ, 5 ಗಂಟೆ, 32 ನಿಮಿಷ, 20.3 ಸೆಕೆಂಡು. ಆ ಪಾಯಿಂಟ್ ಮೂರು ಇದೆಯಲ್ಲ, ಅದನ್ನು ಬರೆದ ಗುಮಾಸ್ತನಿಗೆ ನನ್ನದೊಂದು ಸಲಾಂ. ದೂರದ ಓಟ ಇದು, ನಡುವೆ ಮದುವೆಯಾಯಿತು, ಆರು ಮಕ್ಕಳು, ಹತ್ತು ಮೊಮ್ಮಕ್ಕಳಾದರು ಅಂತ ಅಜ್ಜ ಹೇಳಿದರಂತೆ. ಷರಾ ಅಂದರೆ ಹೀಗಿರಬೇಕು.

ಊರವರ ಮುಜುಗರವೆಲ್ಲ ಹೇಳಿ ನನ್ನದು ಮುಚ್ಚಿಟ್ಟರೆ ತಪ್ಪಾಗುತ್ತೆ. ಜಾತ್ರೆ ಸಮಯದ ಟೆನಿಸ್ ಬಾಲ್ ಪಂದ್ಯಾವಳಿಯ ಫೈನಲ್. ಮೊದಲು ಆಡಿದ ಊರಿನವರದು 74. ಎರಡನೆಯವರು ಕೊನೆ ಓವರಿನಲ್ಲಿ ಹತ್ತಿರ ಹತ್ತಿರ ಬರುತ್ತಿದ್ದರು. ಅದೇ ಹೊತ್ತಿಗೆ ಸಂಘದ ಹುಡುಗ ಮೆಣಸಿನಕಾಯಿ ಬಜ್ಜಿ ತಂದ. ಬಿಸಿ ಬಿಸಿ, ಪೇಪರಿನಲ್ಲಿ ಸುತ್ತಿದ್ದು. ಒಂದು ಕೈಯಲ್ಲಿ ತೆಗೆದುಕೊಂಡೆ. ಅಷ್ಟರಲ್ಲಿ ಚೆಂಡು ಕೀಪರ್ ಕಾಲ ಸಂದಿ ನುಸುಳಿತು, ಒಂದು ರನ್ ಓಡಿದರು, ಅಂಪೈರ್ ಬೈ, ಅಂದರೆ ಬ್ಯಾಟಿಗೆ ತಾಗದೆ ಬಂದ ರನ್ ಅಂತ, ತೋರಿಸಿದ. ಅಂಪೈರ್ ಸನ್ನೆಗೆ ಸ್ಕೋರರ್ ಕೈ ಎತ್ತಬೇಕು. ನಾನೂ ಎತ್ತಿದೆ, ಬಜ್ಜಿ ಹಿಡಿದ ಕೈಯನ್ನೇ. ಎತ್ತಿದ್ದೆನೇ ಹೊರತು ಬರೆಯಲಿಲ್ಲ. ಚುಕ್ಕಿ ಇಟ್ಟುಬಿಟ್ಟೆ.

ಪಂದ್ಯ ಮುಗಿಯಿತು. ನನ್ನ ಪುಸ್ತಕದಲ್ಲಿ 73. ಒಂದು ರನ್ನಿನ ಗೆಲುವು ಅಂತ ಮೈಕಿನಲ್ಲಿ ನಾನೇ ಕೂಗಿದೆ. ಪಟಾಕಿ ಸಿಡಿಯಿತು, ತಮಟೆ ಶುರುವಾಯಿತು, ಕ್ಯಾಪ್ಟನನ್ನು ಹೆಗಲ ಮೇಲೆ ಹೊತ್ತರು. ಆಗ ಕರಿಹಲಗೆ ಬರೆಯುವ ಪುಟ್ಟ ಹುಡುಗ ಬಂದು ನನ್ನ ಅಂಗಿ ಎಳೆದ. “ಅಂಕಲ್, ನನ್ ಬೋರ್ಡಲ್ಲಿ ಎಪ್ಪತ್ನಾಕು ಐತೆ.”

ಅಂಪೈರನ್ನು ಕೇಳಿದರು. ಹುಡುಗನದ್ದೇ ಸರಿ. ಮತ್ತೆ ಮೈಕು ಹಿಡಿದು, ಗೆದ್ದವರು ಗೆದ್ದಿಲ್ಲ, ಸೋತವರು ಸೋತಿಲ್ಲ ಅಂತ ಹೇಳುವಾಗ ನನ್ನ ದನಿ ನನಗೇ ಕೇಳಿಸಲಿಲ್ಲ. ಸಮ ಆದರೆ ಏನು ಮಾಡಬೇಕು ಅಂತ ಯಾರೂ ಮೊದಲು ಯೋಚಿಸಿರಲಿಲ್ಲ. ಒಂದು ಗಂಟೆ ಜಗಳವಾಡಿ, ಕಪ್ಪು ಆರು ತಿಂಗಳು ಆ ಊರಲ್ಲಿ, ಆರು ತಿಂಗಳು ಈ ಊರಲ್ಲಿ ಅಂತ ಹಿರಿಯರು ತೀರ್ಮಾನ ಮಾಡಿದರು. ಹೊರಡುವಾಗ ಒಬ್ಬರು ಬೆನ್ನು ತಟ್ಟಿ, “ಗುಮಾಸ್ತರೇ, ಮುಂದಿನ್ ಸಲ ಬಜ್ಜಿ ಲಾಸ್ಟಿಗೆ” ಅಂದರು.

ಈ ಮಾತು ಬರೆಯುವ ಮುಂಚೆ ಆ ಪುಸ್ತಕ ಹುಡುಕಿ ತೆಗೆದೆ. ಚುಕ್ಕಿಯ ಮೇಲೆ ಒಂದು ಅಂತ ತಿದ್ದಿದ್ದೇನೆ, ಕೆಳಗೆ ಸಹಿ ಹಾಕಿದ್ದೇನೆ. ಷರಾ ಕಾಲಂ ಖಾಲಿ ಇದೆ. ಅಲ್ಲಿ ಹೆಬ್ಬೆರಳಗಲ ಒಂದು ಎಣ್ಣೆ ಕಲೆ ಮಾತ್ರ.

ನಮಸ್ಕಾರ.