ಮೇಜಿನ ಮೇಲಿನ ಯುದ್ಧದಲ್ಲಿ ಸುದ್ದಿ ತಡವಾಗಿ ಬರಲಿ

[ದೃಶ್ಯ: ಮೇಜಿನ ಮೇಲೆ ಕೋಟೆ, ನದಿ, ತೆಂಗಿನ ತೋಟ, ಪುಟಾಣಿ ಸೈನಿಕರು]

ಎಲ್ಲರಿಗೂ ನಮಸ್ಕಾರ. ಪುಟಾಣಿ ಸೈನಿಕರನ್ನು ನಡೆಸಿ ಆಡುವ ವಾರ್‌ಗೇಮ್, ಅಂದರೆ ಯುದ್ಧದಾಟಕ್ಕಾಗಿ ಈ ಮೇಜಿನ ಮೇಲೆ ಜೋಡಿಸಿರುವುದು 1783ರ ಮಂಗಳೂರು. ಕೋಟೆಯೊಳಗೆ ಜಾನ್ ಕ್ಯಾಂಪ್‌ಬೆಲ್‌ನ ಬ್ರಿಟಿಷ್ ಪಡೆ. ಹೊರಗೆ ಟಿಪ್ಪುವಿನ ಸೈನ್ಯ, ಅವನ ಜೊತೆಗೆ ಫ್ರೆಂಚರು. ಸುಲ್ತಾನ್ ಬತ್ತೇರಿ ಎಂಬ ಕಾವಲು ಗೋಪುರ ಎಲ್ಲಿ ಎಂದು, ಅದಿರುವ ಬೋಳೂರಿನವರು ಕೇಳಬಹುದು. ಅದನ್ನು ಕಟ್ಟಿಸಿದ್ದು 1784ರಲ್ಲಿ, ಹಾಗಾಗಿ ಇಲ್ಲಿ ಅದಕ್ಕೆ ಜಾಗವಿಲ್ಲ.

ಇಂಥ ವಾರ್‌ಗೇಮ್‌ಗಳ ದೊಡ್ಡ ಕೊರತೆಯೆಂದರೆ ಆಟಗಾರನಿಗೆ ಎಲ್ಲವೂ ಕಾಣುತ್ತದೆ. ಗುಡ್ಡದ ಹಿಂದಿರುವ ಕುದುರೆ ಸವಾರರನ್ನೂ ನಿಂತಲ್ಲೇ ಎಣಿಸುತ್ತಾನೆ. ಗೊಂಬೆಗಳ ಬದಲು ಕಾರ್ಡ್ ಮಗುಚಿಟ್ಟು, ನಡುವೆ ಒಂದೆರಡು ಖಾಲಿ ಕಾರ್ಡ್ ಸೇರಿಸುವ ಉಪಾಯವಿದೆ. ನನಗೆ ಅದು ಸಾಲದು. ಕಾರ್ಡ್ ತಿರುಗಿಸಿದೊಡನೆ ಇಬ್ಬರಿಗೂ ನಿಜ ಒಟ್ಟಿಗೇ ತಿಳಿದುಬಿಡುತ್ತದೆ. ಆ ಕಾಲದ ಸೇನಾಪತಿಗೆ ನಿಜವೆಂಬುದು ಕುದುರೆಯ ಮೇಲೋ ಹಡಗಿನಲ್ಲೋ ಬರಬೇಕಿತ್ತು.

[ದೃಶ್ಯ: ನಕ್ಷೆ, ಕೆಂಪು ಮತ್ತು ನೀಲಿ ಅಚ್ಚುಗಳು]

1824ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಜ್ ಪ್ರಕಟಿಸಿದ ಕ್ರೀಗ್‌ಸ್ಪೀಲ್ ಎಂಬ ಯುದ್ಧದಾಟದಲ್ಲಿ ಆಟಗಾರರು ಆಜ್ಞೆ ಬರೆದು ಅಂಪೈರ್‌ಗೆ ಕೊಡುತ್ತಿದ್ದರು. ಒಂದು ಸುತ್ತು ಎಂದರೆ ಯುದ್ಧದ ಎರಡು ನಿಮಿಷ. ಸವಾರ ಚೀಟಿ ತಲುಪಿಸಲು ಹಿಡಿಯುವ ಹೊತ್ತನ್ನೂ ಅಂಪೈರ್ ಲೆಕ್ಕ ಹಾಕುತ್ತಿದ್ದ.

ನಮ್ಮ ಮುತ್ತಿಗೆಗೆ ಇದೇ ಕ್ರಮ ಹೇಳಿ ಮಾಡಿಸಿದಂತಿದೆ. ಬ್ರಿಟನ್ ಮತ್ತು ಫ್ರಾನ್ಸ್ 1783ರ ಜನವರಿಯಲ್ಲೇ ಶಾಂತಿಯ ಪ್ರಾಥಮಿಕ ಒಪ್ಪಂದಕ್ಕೆ ಸಹಿ ಹಾಕಿದ್ದವು. ಮಂಗಳೂರಿನ ಮುತ್ತಿಗೆ ಆರಂಭವಾದದ್ದು ಮೇ ತಿಂಗಳಲ್ಲಿ! ಯುರೋಪಿನ ಸುದ್ದಿ ಇಲ್ಲಿಗೆ ಮುಟ್ಟಿದಾಗ ಮಳೆಗಾಲ. ಫ್ರೆಂಚರು ಟಿಪ್ಪುವನ್ನು ಬಿಟ್ಟು ಹಿಂದೆ ಸರಿದರು.

[ದೃಶ್ಯ: ಮಡಚಿದ ಚೀಟಿ, ಬಟ್ಟಲಿನಲ್ಲಿ ದಾಳ]

ಆದ್ದರಿಂದ ಮೂವರು ಆಟಗಾರರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ. ಗೊಂಬೆಗಳಿರುವ ಮೇಜು ಅಂಪೈರ್‌ನದು. ಆಟಗಾರರ ಕೈಯಲ್ಲಿ ನಕ್ಷೆ ಮಾತ್ರ. ತನ್ನ ಉಗ್ರಾಣದ ಅಕ್ಕಿ ಎಷ್ಟೆಂದು ಕ್ಯಾಂಪ್‌ಬೆಲ್‌ಗೆ ಸರಿಯಾಗಿ ತಿಳಿಸಿ. ಟಿಪ್ಪುವಿನ ಆಟಗಾರನಿಗೆ ಕೋಟೆಯಿಂದ ಓಡಿಬಂದವರ ಮಾತು ಮಾತ್ರ ಸಿಗಲಿ, ಅದರಲ್ಲಿ ಒಂದಿಷ್ಟು ಸುಳ್ಳೂ ಇರಲಿ. ಸಂಖ್ಯೆ ಕೇಳಿದರೆ ಕೊಡಬೇಡಿ. “ದಕ್ಷಿಣದಲ್ಲಿ ಹೊಗೆ ಕಾಣುತ್ತಿದೆ” ಎಂದಷ್ಟೇ ಹೇಳಿ. ಗೊಣಗುತ್ತಾರೆ, ಗೊಣಗಲಿ.

ಶಾಂತಿಯ ಪತ್ರ ಮೊದಲು ತಲುಪುವುದು ಫ್ರೆಂಚ್ ಆಟಗಾರನಿಗೆ. ಮಿತ್ರನಿಗೆ ಯಾವಾಗ ಹೇಳಬೇಕೆಂಬುದು ಅವನಿಗೇ ಬಿಟ್ಟದ್ದು. ಚರಿತ್ರೆ ಓದಿದವರಿಗೆ ಪತ್ರ ಬಂದೇ ಬರುತ್ತದೆಂದು ಗೊತ್ತಿರುತ್ತದೆಯಲ್ಲ? ಗೊತ್ತಿರಲಿ. ಜೂನ್‌ನಿಂದ ಪ್ರತಿ ಸುತ್ತಿಗೂ ಅಂಪೈರ್ ಗುಟ್ಟಾಗಿ ದಾಳ ಹಾಕಬೇಕು. ಆರು ಬಿದ್ದ ಸುತ್ತಿನಲ್ಲಿ ಹಡಗು ಬರುತ್ತದೆ. ಉಳಿದ ಸುತ್ತುಗಳಲ್ಲಿ ಖಾಲಿ ಚೀಟಿಯನ್ನೇ ಮಡಚಿ ಮೂರೂ ಕೋಣೆಗೆ ಕಳುಹಿಸಿ.