ಇಬ್ಬರು ಗೌರಮ್ಮ, ಒಂದು ಇನ್ಶೂರೆನ್ಸ್ ಕಾರ್ಡು

ನಮಸ್ಕಾರ. ಮಡಿಕೇರಿಯಿಂದ ಮಾತಾಡುತ್ತಿದ್ದೇನೆ. ಹಿಂದೆ ಕೇಳಿಸುತ್ತಿರುವ ಸದ್ದು ಮೈಕಿನ ದೋಷ ಅಲ್ಲ, ಶೀಟಿನ ಮೇಲೆ ಬೀಳುತ್ತಿರುವ ಮಳೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಚಿತ್ರ ಬರೆದುಕೊಂಡಿರುವ ನಾನು ಊರಿಗೆ ಬರುವುದು ಇದೇ ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ. ಡಿಸೆಂಬರಿನಲ್ಲಿ ಬರಬಾರದಾ ಅಂತ ಎಲ್ಲರೂ ಕೇಳುತ್ತಾರೆ. ಡಿಸೆಂಬರಿನ ಕೊಡಗು ಟೂರಿಸ್ಟ್‌ಗಳದ್ದು. ಮಳೆಗಾಲದಲ್ಲಾದರೂ ಸ್ವಲ್ಪ ನಮ್ಮದಾಗಿರುತ್ತದೆ. ಈಗೀಗ ಅದೂ ಡೌಟು, ಇರಲಿ.

ನೀವು ನೋಡುತ್ತಿರುವುದು ಅತ್ತಿಗೆಯ ಬಟ್ಟೆ ಬೀರು. ಒಳಗೆ ಬಲ್ಬು ಯಾಕೆ ಉರಿಯುತ್ತಿದೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಬೂಷ್ಟು ಹಿಡಿಯದಿರಲಿ ಅಂತ. ಅವರ ರೇಷ್ಮೆ ಸೀರೆಗಳ ಕೆಳಗೆ ನನ್ನ ಕಾಗದಗಳು ಮಲಗಿವೆ. ಜಲವರ್ಣದ ಒಳ್ಳೆಯ ಕಾಗದಕ್ಕೆ ಜೆಲಟಿನ್ ಅಂಟು ಹಾಕಿರುತ್ತಾರೆ, ಬಣ್ಣ ಮೇಲೆ ನಿಲ್ಲಲಿ ಅಂತ. ತೇವಕ್ಕೆ ಆ ಅಂಟು ಕೆಟ್ಟರೆ ಮುಗಿಯಿತು. ಆಕಾಶಕ್ಕೆ ಅಂತ ಎಳೆದ ನೀಲಿ ಅಲ್ಲಲ್ಲಿ ಇಂಗಿಹೋಗಿ, ಆಕಾಶಕ್ಕೇ ಸಿಡುಬು ಬಂದ ಹಾಗೆ ಕಾಣುತ್ತದೆ. ಹೇರ್ ಡ್ರೈಯರ್ ಹಿಡಿದುಕೊಂಡೇ ಬರೆಯುತ್ತೇನೆ. ಕರೆಂಟು ಹೋದರೆ ಕಾಫಿ ಕುಡಿಯುತ್ತೇನೆ. ಕಾಫಿ ಜಾಸ್ತಿ ಆಗುತ್ತಿದೆ.

ಮಳೆ ಸ್ವಲ್ಪ ಬಿಟ್ಟಾಗ ಕಕ್ಕಬ್ಬೆ ಕಡೆ ಹೋಗಿದ್ದೆವು. ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ನಾಲ್ಕುನಾಡು ಅರಮನೆ. ಕೊಡಗಿನ ಅರಸ ದೊಡ್ಡವೀರರಾಜೇಂದ್ರ 1792ರ ಹೊತ್ತಿಗೆ ಕಟ್ಟಿಸಿದ್ದು. ಅರಮನೆ ಅಂದ ಕೂಡಲೇ ಮೈಸೂರಿನದ್ದನ್ನು ನೆನೆಸಿಕೊಳ್ಳಬೇಡಿ. ಎರಡು ಅಂತಸ್ತು, ಮರದ ಕಂಬ, ಹೆಂಚು. ಗೋಡೆಗಳ ಮೇಲೆ ಹಳೆಯ ಚಿತ್ರಗಳಿವೆ, ನಾನು ಹೋಗುವುದೇ ಅದಕ್ಕೆ. ಮೂಗು ತಾಗುವಷ್ಟು ಹತ್ತಿರ ನಿಂತರೆ ಕುಂಚ ಎಲ್ಲಿ ಒತ್ತಿದೆ, ಎಲ್ಲಿ ಸುಮ್ನೆ ಸವರಿದೆ ಅಂತ ಗೊತ್ತಾಗುತ್ತದೆ. ಬರೆದವನ ಹೆಸರು ಎಲ್ಲೂ ಇಲ್ಲ. ಪಕ್ಕದಲ್ಲಿ ಮೊಳೆಯಿಂದ ಗೀಚಿದ ಪ್ರೇಮಿಗಳ ಹೆಸರು ಮಾತ್ರ ಚೆನ್ನಾಗಿ ಓದಲು ಬರುತ್ತದೆ.

1834ರಲ್ಲಿ ಬ್ರಿಟಿಷರ ಸೈನ್ಯ ಬಂದಾಗ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಇದ್ದದ್ದು ಈ ಅರಮನೆಯಲ್ಲಿ. ಮಾಸ್ತಿಯವರ ಕಾದಂಬರಿಯಿಂದ ಆ ಕಥೆ ಎಲ್ಲರಿಗೂ ಗೊತ್ತು. ನನ್ನನ್ನು ಕಾಡುವುದು ಅದರ ಮುಂದಿನ ಭಾಗ. ರಾಜ್ಯ ಹೋಯಿತು, ಅರಸನನ್ನು ಕಾಶಿಗೆ ಕಳಿಸಿದರು. 1852ರಲ್ಲಿ ಅವನು ಮಗಳನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಈಸ್ಟ್ ಇಂಡಿಯಾ ಕಂಪನಿಯ ಹತ್ತಿರ ಸಿಕ್ಕಿಕೊಂಡಿದ್ದ ಹಣಕ್ಕೆ ಕೇಸು ಹಾಕಿದ. 1859ರಲ್ಲಿ ಅಲ್ಲೇ ತೀರಿಕೊಂಡ. ಮಗಳ ಹೆಸರು ಗೌರಮ್ಮ. 1841ರಲ್ಲಿ ಕಾಶಿಯಲ್ಲೇ ಹುಟ್ಟಿದ ಹುಡುಗಿ. ಅವಳನ್ನು ಕ್ರೈಸ್ತಳನ್ನಾಗಿ ಮಾಡಿದಾಗ ಜ್ಞಾನತಾಯಿಯಾಗಿ, ಅಂದರೆ ಗಾಡ್‌ಮದರ್ ಆಗಿ ನಿಂತವಳು ವಿಕ್ಟೋರಿಯಾ ರಾಣಿ.

ರಾಣಿ ಅವಳ ಚಿತ್ರ ಬರೆಸಿದಳು. ಬರೆದವನು ವಿಂಟರ್‌ಹಾಲ್ಟರ್. ಜರ್ಮನಿಯ ಕಪ್ಪು ಕಾಡಿನ ಹಳ್ಳಿಯವನು, ಪ್ಯಾರಿಸ್ಸಿನಲ್ಲಿ ಮನೆ ಮಾಡಿಕೊಂಡು ಅರಮನೆಯಿಂದ ಅರಮನೆಗೆ ತಿರುಗಿ ದೊರೆಗಳ ಚಿತ್ರ ಬರೆದು ದುಡಿದವನು. ಊರು ಬಿಟ್ಟ ಕಲಾವಿದ ಊರೇ ನೋಡದ ಹುಡುಗಿಯನ್ನು ಬರೆದ. ರೇಷ್ಮೆ, ಜರಿ, ಆಭರಣ ಬರೆಯುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಬಟ್ಟೆಯ ಮೇಲೆ ಬೆಳಕು ಬಿದ್ದ ರೀತಿಯನ್ನು ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಆದರೆ ಅದು ದುಡ್ಡು ಕೊಟ್ಟವರ ಚಿತ್ರ. ಆ ಹುಡುಗಿಗೆ ಏನು ಬೇಕಿತ್ತು ಅಂತ ಅದರಲ್ಲಿ ಹುಡುಕಬೇಡಿ. 1864ರಲ್ಲಿ, ಇಪ್ಪತ್ತಮೂರು ತುಂಬುವ ಮೊದಲೇ, ಕ್ಷಯದಿಂದ ಸತ್ತಳು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಅವಳ ಸಮಾಧಿ ಇದೆ. ಬರ್ಲಿನ್ನಿನಲ್ಲಿ ವಿಜ್ಞಾನಿ ರಾಬರ್ಟ್ ಕಾಖ್ ಆ ರೋಗದ ಜೀವಾಣುವನ್ನು ಕಂಡುಹಿಡಿದದ್ದು 1882ರಲ್ಲಿ. ರಾಣಿಯೇ ಬೆನ್ನ ಹಿಂದೆ ನಿಂತರೂ ಔಷಧಿ ಇಲ್ಲದ ಕಾಲ ಅದು.

ಇನ್ನೊಬ್ಬ ಗೌರಮ್ಮನ ಕಥೆ ನನಗೆ ಇದಕ್ಕಿಂತ ಹತ್ತಿರದ್ದು. ಕನ್ನಡದ ಕಥೆಗಾರ್ತಿ ಕೊಡಗಿನ ಗೌರಮ್ಮ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು. ಮದುವೆಯಾದ ಮೇಲೆ ಸುಂಟಿಕೊಪ್ಪದ ಹತ್ತಿರ ಗುಂಡುಕುಟ್ಟಿ ತೋಟದಲ್ಲಿದ್ದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ನಮ್ಮ ಮನೆಗೂ ಬರಬೇಕು ಅಂತ ಉಪವಾಸ ಕೂತರು. ಗಾಂಧೀಜಿ ಬಂದರು. ಇವರು ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟರು. ಕಥೆಗಳಲ್ಲಿ ವಿಧವೆಯರು, ಕೈಬಿಟ್ಟ ಹೆಂಡಂದಿರು, ಜಾತಿ ಮೀರಿ ಪ್ರೀತಿಸಿದವರು. ಉಪದೇಶ ಇಲ್ಲ, ಗೋಳಾಟವೂ ಇಲ್ಲ. ಕಥೆ ಮುಗಿದ ಮೇಲೆ ಸಿಟ್ಟು ಬರುವುದು ನಮಗೆ. 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡರು, ಇಪ್ಪತ್ತೇಳನೇ ವಯಸ್ಸಿಗೆ. ‘ಕಂಬನಿ’, ‘ಚಿಗುರು’ ಎರಡೂ ಅವರು ಹೋದ ಮೇಲೆ ಪುಸ್ತಕವಾಗಿ ಬಂದವು. ಹೋದ ಮೇಲೆ ಹೊಗಳುವುದರಲ್ಲಿ ನಮ್ಮವರು ಯಾವತ್ತೂ ಮುಂದು, ಅಲ್ವಾ?

ಲೈಪ್‌ಜಿಗ್‌ನ ಗೆಳತಿಯರಿಗೆ ಇವರ ಬಗ್ಗೆ ಹೇಳಿ ಹೇಳಿ ಸಾಕಾಗಿತ್ತು. ಓದಲು ಏನು ಕೊಡಲಿ? ಈಗ ಆ ತೊಂದರೆ ಇಲ್ಲ. ಮಡಿಕೇರಿಯವರೇ ಆದ ದೀಪಾ ಭಸ್ತಿ ಗೌರಮ್ಮನವರ ಕಥೆಗಳನ್ನು ಇಂಗ್ಲಿಷಿಗೆ ತಂದಿದ್ದಾರೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ, ಅದರ ಅನುವಾದವೂ ಇವರದ್ದೇ. ಅಲ್ಲಿನ ಪುಸ್ತಕದಂಗಡಿಯ ಮೇಜಿನ ಮೇಲೆ ಆ ಪುಸ್ತಕ ನೋಡಿ, ಪಕ್ಕದಲ್ಲಿದ್ದ ಅಪರಿಚಿತರಿಗೆ "ಇದು ನಮ್ಮೂರಿನವರದ್ದು" ಅಂತ ಹೇಳಿಬಿಟ್ಟೆ. ಅವರು ನಯವಾಗಿ ತಲೆಯಾಡಿಸಿ ಅಡುಗೆ ಪುಸ್ತಕದ ಕಡೆ ಹೋದರು.

ಸರಿ, ಟೈಟಲ್ಲಿನಲ್ಲಿರುವ ಕಾರ್ಡಿನ ವಿಷಯ. ನಾನು ಮೊದಲು ಆಯಿಲ್ ಪೇಂಟ್ ಮಾಡುತ್ತಿದ್ದೆ. ಟರ್ಪೆಂಟೈನ್ ಘಾಟಿಗೆ ಉಬ್ಬಸ ಜಾಸ್ತಿಯಾಯಿತು, ಬಿಟ್ಟೆ. ಅಲ್ಲಿ ಎದೆ ಕಟ್ಟಿದಾಗ ನಾನು ಮೊದಲು ಯೋಚಿಸುವುದು ಇನ್‌ಹೇಲರ್ ಎಲ್ಲಿದೆ ಅಂತ. ದುಡ್ಡು ಎಲ್ಲಿದೆ ಅಂತ ಅಲ್ಲ. ಜರ್ಮನಿಯಲ್ಲಿ ಕಲಾವಿದರಿಗೂ ಬರಹಗಾರರಿಗೂ ಅಂತಲೇ ಒಂದು ಸಾಮಾಜಿಕ ವಿಮೆ ಇದೆ. 1981ರ ಕಾನೂನು, 1983ರಿಂದ ಜಾರಿ. ಸಂಬಳಕ್ಕಿರುವವರಿಗೆ ಆರೋಗ್ಯ ವಿಮೆ, ಪಿಂಚಣಿಯ ಕಂತಿನಲ್ಲಿ ಅರ್ಧ ಮಾಲೀಕ ಕಟ್ಟುತ್ತಾನೆ. ಚಿತ್ರ ಬರೆಯುವವರಿಗೆ ಮಾಲೀಕ ಎಲ್ಲಿ? ಹಾಗಾಗಿ ನನ್ನ ಅರ್ಧ ನಾನು ಕಟ್ಟುತ್ತೇನೆ. ಉಳಿದರ್ಧದಲ್ಲಿ ಒಂದು ಪಾಲು ಸರ್ಕಾರದ್ದು. ಇನ್ನೊಂದು ಪಾಲು ಪ್ರಕಾಶಕರು, ಗ್ಯಾಲರಿಗಳು, ಜಾಹೀರಾತು ಕಂಪನಿಗಳದ್ದು. ಕಲಾವಿದರಿಗೆ ಕೊಡುವ ಸಂಭಾವನೆಯ ಮೇಲೆ ಅವರು ಶೇಕಡಾ 5ರ ಆಸುಪಾಸು ಆ ನಿಧಿಗೆ ಕಟ್ಟಬೇಕು. ಸುಮ್ನೆ ಸಿಗುವುದಿಲ್ಲ ಬಿಡಿ. ನಾನು ನಿಜವಾಗಿ ಕಲಾವಿದೆ ಅಂತ ಬಿಲ್ಲು, ಒಪ್ಪಂದ, ಪ್ರದರ್ಶನದ ಆಮಂತ್ರಣ ಎಲ್ಲ ಕಳಿಸಿ ನಂಬಿಸಬೇಕು. ವರ್ಷಕ್ಕೆ ಇಷ್ಟು ಅಂತ ಕಲೆಯಿಂದಲೇ ಸಂಪಾದಿಸಬೇಕು.

ಇಲ್ಲಿ ನನ್ನ ಜೊತೆ ಚಿತ್ರ ಕಲಿತ ಗೆಳೆಯ ಇದ್ದಾನೆ. ರೇಖೆ ನನಗಿಂತ ಅವನದ್ದೇ ಗಟ್ಟಿ. ಹೋಂಸ್ಟೇಗಳಿಗೆ ಬೋರ್ಡು, ಮದುವೆ ಮಂಟಪಕ್ಕೆ ಡೆಕೊರೇಷನ್ ಮಾಡುತ್ತಾನೆ. ತಂದೆಗೆ ಹೃದಯದ ತೊಂದರೆಯಾದಾಗ ರಾತ್ರೋರಾತ್ರಿ ಮೈಸೂರಿಗೆ ಓಡಿದರು. ನೂರಿಪ್ಪತ್ತು ಕಿಲೋಮೀಟರ್ ದಾರಿ. ಬಿಲ್ಲಿಗೆ ಅಂತ ಮಾರಿದ್ದು ಅವನ ಕ್ಯಾಮೆರಾ. ನಾನು ಪೂರ್ತಿ ಹೊತ್ತಿನ ಕಲಾವಿದೆ, ಅವನು ಅಲ್ಲ. ಪ್ರತಿಭೆ, ತಪಸ್ಸು ಅಂತ ಸಂದರ್ಶನಗಳಲ್ಲಿ ಏನೇನೋ ಹೇಳುತ್ತೇವೆ. ನನ್ನ ಮಟ್ಟಿಗೆ ಅರ್ಧ ಕಾರಣ ಆ ಕಾರ್ಡು.

ಅಣ್ಣನಿಗೆ ಈ ಮಾತು ಹಿಡಿಸುವುದಿಲ್ಲ. "ಇಲ್ಲೂ ಎಲ್ಲ ಇದೆ, ನೀನು ದೂರ ಕೂತು ಕುಂದು ಹುಡುಕುತ್ತೀಯ" ಅಂತಾನೆ. ಇದೆ, ಇಲ್ಲ ಅನ್ನುತ್ತಿಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಆಯುಷ್ಮಾನ್ ಕಾರ್ಡಿದೆ. ವಯಸ್ಸಾದ ಕಲಾವಿದರಿಗೆ ಮಾಸಾಶನ ಇದೆ. ಮಡಿಕೇರಿಗೆ ಮೆಡಿಕಲ್ ಕಾಲೇಜೂ ಬಂತು. ಆದರೂ 2019ರಲ್ಲಿ ನಮಗೊಂದು ತುರ್ತು ಆಸ್ಪತ್ರೆ ಕೊಡಿ ಅಂತ ಕೊಡಗಿನ ಹುಡುಗರು ಸೋಷಿಯಲ್ ಮೀಡಿಯಾದಲ್ಲಿ ಕೂಗಬೇಕಾಯಿತಲ್ಲ? ಅತ್ತಿಗೆ ಈ ಜಗಳ ನಿಲ್ಲಿಸುವುದು ಪಾಯಸ ತಂದಿಟ್ಟು. ಕಕ್ಕಡ ಹದಿನೆಂಟರ ಮದ್ದು ಪಾಯಸ. ಮದ್ದುಸೊಪ್ಪಿನಲ್ಲಿ ಆ ದಿನ ಹದಿನೆಂಟು ಔಷಧಿ ಸೇರಿರುತ್ತದೆ ಅಂತ ನಂಬಿಕೆ. ಸೊಪ್ಪು ಹಸಿರು, ಕುದಿಸಿದ ನೀರು ಗಾಢ ನೇರಳೆ. ಒಂದು ಲೋಟ ಕದ್ದು ಕಾಗದದ ಮೇಲೆ ಹಚ್ಚಿದ್ದೇನೆ, ಸ್ಕ್ರೀನಿನಲ್ಲಿದೆ ನೋಡಿ. ಯಾವ ಟ್ಯೂಬಿನಲ್ಲೂ ಸಿಗದ ಬಣ್ಣ. ನಿಲ್ಲುವುದಿಲ್ಲ, ದಿನ ಕಳೆದಂತೆ ಕಂದಾಗುತ್ತದೆ. ಉಬ್ಬಸಕ್ಕೆ ಒಳ್ಳೆಯದು ಅಂತ ಅತ್ತಿಗೆ. ನಾನು ಇನ್‌ಹೇಲರ್ ಬಿಟ್ಟಿಲ್ಲ, ಪಾಯಸವನ್ನೂ ಬಿಟ್ಟಿಲ್ಲ.

ರಾಜಕೀಯ ಬೇಡ ಅಂತ ಪ್ರತಿ ಸಲ ಯಾರಾದರೂ ಹೇಳುತ್ತಾರೆ. ಕೊಡಗಿನಲ್ಲಿ ಅದು ಆಗುವ ಮಾತಾ? 1956ರವರೆಗೆ ಇದು ಬೇರೆ ರಾಜ್ಯ. 24 ಸೀಟಿನ ವಿಧಾನಸಭೆ, ಮುಖ್ಯಮಂತ್ರಿ ಸಿ.ಎಂ. ಪೂಣಚ್ಚ. 1952ರ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ 15, ಮೈಸೂರಿನ ಜೊತೆ ವಿಲೀನ ಬೇಡ ಅನ್ನುತ್ತಿದ್ದ ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಗುರುತಿನ ಗುಂಪಿಗೆ 9. ವಿಲೀನ ಸರಿಯೋ ತಪ್ಪೋ ಅಂತ ಮದುವೆ ಮನೆಗಳಲ್ಲಿ ಇವತ್ತಿಗೂ ತಕ್ಕಡಿ ತೂಗುತ್ತಿದೆ.

ನನ್ನದು ಇನ್ನೊಂದು ಬಗೆಯ ಪಾಡು. ತೆರಿಗೆ ಕಟ್ಟುವ ಊರಿನಲ್ಲಿ ವೋಟಿಲ್ಲ. ವೋಟಿರುವ ಊರಿಗೆ ಚುನಾವಣೆ ದಿನ ಖುದ್ದು ಬಂದು ಬೂತಿನಲ್ಲಿ ನಿಲ್ಲಬೇಕು. 2010ರ ತಿದ್ದುಪಡಿ ಅನಿವಾಸಿಗಳಿಗೆ ಕೊಟ್ಟ ಹಕ್ಕು ಅಷ್ಟೇ. ಜರ್ಮನಿ 2024ರಿಂದ ಎರಡು ಪೌರತ್ವಕ್ಕೆ ಒಪ್ಪಿದೆ, ಭಾರತ ಒಪ್ಪುವುದಿಲ್ಲ. ನಾನಿರುವ ಸಾಕ್ಸನಿ ರಾಜ್ಯದಲ್ಲಿ 2024ರ ಚುನಾವಣೆಗೆ ಹೊರಗಿನವರು ಬೇಡ ಅನ್ನುವ ಪಕ್ಷ ಎರಡನೇ ಸ್ಥಾನಕ್ಕೆ ಬಂತು. ಅದರ ಮರುದಿನ ಟ್ರಾಮಿನಲ್ಲಿ ಕೂತಾಗ ಎದುರಿನವರ ಮುಖ ನೋಡುತ್ತಾ ಲೆಕ್ಕ ಹಾಕುತ್ತಿದ್ದೆ, ಇವರಾ, ಅವರಾ ಅಂತ.

ಊರಿಗೆ ಬಂದರೆ ಇಲ್ಲೂ ಅದೇ ಮಾತು, ಅಸ್ಸಾಮಿನವರ ಬಗ್ಗೆ. ಕಾಫಿ ತೋಟದ ಕೆಲಸಕ್ಕೆ ಅವರಿಲ್ಲದೆ ಆಗುವುದಿಲ್ಲ. ಸಂಜೆ ಅಂಗಡಿ ಮುಂದೆ ನಿಂತರೆ ಮಾತ್ರ "ಇವರು ಜಾಸ್ತಿಯಾದರು". ನನ್ನನ್ನು ಹೊರಗಿನವಳು ಅನ್ನುವವರ ಮೇಲೆ ಸಿಟ್ಟಾಗುವ ನಮ್ಮವರೇ ಇದನ್ನು ಹೇಳುತ್ತಾರೆ. ಅವರಿಗೆ ಜ್ವರ ಬಂದರೆ ಯಾವ ಕಾರ್ಡು ತೋರಿಸುತ್ತಾರೆ, ಕೇಳಿದ್ದೀರಾ?

ಅಣ್ಣನ ತೋಟದಲ್ಲಿ ಮರಗಸಿ ಮಾಡುವ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಹುಡುಗ ಅಸ್ಸಾಮಿನವನು. ಚಿತ್ರಕ್ಕೆ ಕೂರುತ್ತೀಯಾ ಅಂತ ಕೇಳಿದೆ. "ಕೂಲಿ ಉಂಟಾ ಅಕ್ಕಾ?" ಅಂದ. ನ್ಯಾಯವಾದ ಪ್ರಶ್ನೆ. ಅರ್ಧ ದಿನದ್ದು ಕೊಟ್ಟೆ. ಮಳೆಗೆ ತಲೆ ಮೇಲೆ ಹೊದೆಯುವ ಪ್ಲಾಸ್ಟಿಕ್ ಕೊಪ್ಪೆ, ಕತ್ತಿ, ಕೆಸರು ಹಿಡಿದ ಬೂಟು, ಎಲ್ಲ ಬರೆದು ತೋರಿಸಿದೆ. ಕೊಪ್ಪೆ ತೆಗೆಯಿರಿ ಅಂದ, ಮನೆಗೆ ಫೋಟೋ ಕಳಿಸಬೇಕಂತೆ, ಕೈಗೊಂದು ವಾಚೂ ಬೇಕಂತೆ. ಕೊಪ್ಪೆ ಇರುವ ಚಿತ್ರವನ್ನು ನನಗಿಟ್ಟುಕೊಂಡೆ. ಅವನಿಗೆ ಇನ್ನೊಂದು ಬರೆದೆ, ಇಸ್ತ್ರಿ ಮಾಡಿದ ಶರ್ಟು, ವಾಚು, ಬಾಚಿದ ತಲೆ. ಎರಡೂ ಸ್ಕ್ರೀನಿನಲ್ಲಿವೆ. ಅವನ ಪ್ರಕಾರ ಮೊದಲನೆಯದು ಅವನ ಥರ ಇಲ್ಲವೇ ಇಲ್ಲ.